ಮನೆ ಹತ್ತಿರದ ಹಕ್ಕಿಗೇ ಕ್ಯಾಮೆರಾ ಹಿಡಿಯಿರಿ

[ದೃಶ್ಯ: ಉಳುತ್ತಿರುವ ಟ್ರಾಕ್ಟರ್. ಹಿಂದೆ ಬೆಳ್ಳಕ್ಕಿಗಳ ಸಾಲು, ಮೇಲೆ ಕರೆಂಟ್ ತಂತಿಯ ಮೇಲೆ ಕಾಜಾಣ.]

ನಮಸ್ಕಾರ. ಹಕ್ಕಿ ಫೋಟೋ ಅಂದ ತಕ್ಷಣ ನಮ್ಮ ಮನಸ್ಸು ದಾಂಡೇಲಿಯ ಮಂಗಟ್ಟೆ, ರಂಗನತಿಟ್ಟಿನ ಕೊಕ್ಕರೆ ಅಂತ ಓಡುತ್ತದೆ. ಅಲ್ಲಿಗೆ ಹೋಗಬೇಡಿ ಅಂತ ಖಂಡಿತ ಹೇಳುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಹೋಗಿ ಬಂದರೆ ಹಕ್ಕಿಯ ಫೋಟೋ ಸಿಗಬಹುದು, ಹಕ್ಕಿಯ ಪರಿಚಯ ಆಗುವುದಿಲ್ಲ. ಈ ಹವ್ಯಾಸದ ಹುಚ್ಚು ಹತ್ತುವುದೇ ಪರಿಚಯದಿಂದ. ಈ ಹಕ್ಕಿ ಈಗ ಏನು ಮಾಡುತ್ತದೆ ಅಂತ ಮೊದಲೇ ಗೊತ್ತಾಗುತ್ತದಲ್ಲ, ಆ ಖುಷಿಯೇ ಬೇರೆ. ಅದಕ್ಕೆ ದಿನಾ ಕಣ್ಣಿಗೆ ಬೀಳುವ ಹಕ್ಕಿಯೇ ಬೇಕು. ಗೊರವಂಕ, ಪಿಕಳಾರ, ಸೂರಕ್ಕಿ, ಮಡಿವಾಳ, ಕಾಗೆ, ಯಾವುದಾದರೂ ಸರಿ.

ಇವತ್ತು ಕಾಜಾಣದಿಂದ ಶುರು ಮಾಡೋಣ.

[ದೃಶ್ಯ: ಕಾಜಾಣದ ತಲೆ, ಹತ್ತಿರದಿಂದ.]

ದೂರದಿಂದ ನೋಡಿದರೆ ಬರೀ ಕಪ್ಪು, ಕವಲೊಡೆದ ಬಾಲ, ಅಷ್ಟೇ. ಈಗ ಹತ್ತಿರದಿಂದ ನೋಡಿ. ಕಣ್ಣು ಗಾಢ ಕಂದುಗೆಂಪು. ಕೊಕ್ಕಿನ ಬುಡದಲ್ಲಿ, ಬಾಯಿಯ ಮೂಲೆಗೆ, ಒಂದು ಪುಟ್ಟ ಬಿಳಿ ಚುಕ್ಕೆ ಇದೆ. ಚಳಿಗಾಲದಲ್ಲಿ ನಮ್ಮ ಕಡೆಗೆ ಬೂದು ಕಾಜಾಣ ಅಂತ ಇನ್ನೊಂದು ವಲಸೆ ಬರುತ್ತದೆ. ಅದರ ಕಣ್ಣು ಇನ್ನೂ ಕೆಂಪು, ಈ ಬಿಳಿ ಚುಕ್ಕೆ ಇರುವುದಿಲ್ಲ. ಬರಿಗಣ್ಣಿಗೆ ಎರಡೂ ಒಂದೇ ಥರ ಕಂಡರೂ ಫೋಟೋ ಜೂಮ್ ಮಾಡಿದರೆ ಬೇರೆ ಬೇರೆ ಅಂತ ಗೊತ್ತಾಗುತ್ತದೆ.

ಇನ್ನು ಅದರ ಅಭ್ಯಾಸ. ಕಾಜಾಣ ಎತ್ತರದಲ್ಲಿ ಕೂತು ಹುಳ ಕಾಯುತ್ತದೆ. ಕಂಡ ತಕ್ಷಣ ಹಾರಿ ಹಿಡಿಯುತ್ತದೆ. ಆಮೇಲೆ ಬಹಳ ಸಲ ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಹಾಗಾಗಿ ಹಾರುವಾಗ ಅದರ ಹಿಂದೆ ಲೆನ್ಸ್ ತಿರುಗಿಸುತ್ತಾ ಹೋಗಬೇಡಿ. ಅದು ಬಿಟ್ಟು ಹೋದ ಕೊಂಬೆಗೇ ಫೋಕಸ್ ಇಟ್ಟು ಕಾಯಿರಿ. ಶಟರ್ ವೇಗ 1/2000 ಸೆಕೆಂಡ್‌ಗೆ ಇಡಿ, ಒಂದರ ಹಿಂದೆ ಒಂದು ಫೋಟೋ ತೆಗೆಯುವ ಬರ್ಸ್ಟ್ ಮೋಡ್ ಹಾಕಿ. ರೆಕ್ಕೆ ಬಿಚ್ಚಿ, ಬಾಲ ಹರಡಿ, ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಇಳಿಯುವ ಫೋಟೋ ಸಿಗುವುದು ಹೀಗೆ. ಹಾರುವ ಮುಂಚೆ ತಲೆ ವಾಲಿಸಿ ಒಂದೇ ಕಡೆ ನೋಡುತ್ತದೆ, ಮೈ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ, ನಿಮಗೇ ಗೊತ್ತಾಗುತ್ತದೆ.

ಕಪ್ಪು ಹಕ್ಕಿಯಲ್ಲಿ ಒಂದು ತೊಂದರೆ ಇದೆ. ಹಿಂದೆ ಬೆಳ್ಳನೆಯ ಆಕಾಶ ಇದ್ದರೆ ಕ್ಯಾಮೆರಾ ಆಕಾಶವನ್ನು ಅಳೆದು ಇಡೀ ಫೋಟೋವನ್ನು ಕತ್ತಲು ಮಾಡುತ್ತದೆ. ಕಾಜಾಣ ಬರೀ ನೆರಳಿನ ಹಾಗೆ ಬರುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಫೋಟೋದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್, +1 ಮಾಡಿ ನೋಡಿ. ಅದೇ ಹೊಲದಲ್ಲಿ ಟ್ರಾಕ್ಟರ್ ಹಿಂದೆ ಹುಳ ಹೆಕ್ಕುವ ಬೆಳ್ಳಕ್ಕಿಗೆ ಇದರ ಉಲ್ಟಾ. ಹಿಂದೆ ಕಪ್ಪು ಮಣ್ಣು, ಹಕ್ಕಿ ಅಚ್ಚ ಬಿಳಿ. ಅಲ್ಲಿ −1ಕ್ಕೆ ಇಳಿಸದಿದ್ದರೆ ಒಂದು ಗರಿಯೂ ಬಿಡಿಬಿಡಿಯಾಗಿ ಕಾಣುವುದಿಲ್ಲ. ಒಂದೇ ಹೊಲದಲ್ಲಿ ಎರಡು ಪಾಠ!

[ದೃಶ್ಯ: ದಾಸವಾಳದ ಗಿಡದಲ್ಲಿ ಸೂರಕ್ಕಿ.]

ಹೊಲ ಇಲ್ಲ, ಅಪಾರ್ಟ್‌ಮೆಂಟ್‌ನಲ್ಲಿ ಇದ್ದೇವೆ ಅಂತೀರಾ? ಬಾಲ್ಕನಿಯಲ್ಲಿ ಒಂದು ದಾಸವಾಳದ ಕುಂಡ ಇಡಿ. ಹತ್ತಿರದಲ್ಲಿ ಒಂದಿಷ್ಟು ಗಿಡಮರ ಇದ್ದರೆ ಸೂರಕ್ಕಿ ಬರುವ ಸಾಧ್ಯತೆ ಜಾಸ್ತಿ. ಹೂವಿನ ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಹೀರುವುದನ್ನೂ ನೋಡಬಹುದು. ಗಂಡು ಸೂರಕ್ಕಿಯ ಮೇಲಿನ ಆ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯ ಒಳಗಿನ ಅತಿ ಸಣ್ಣ ಪದರಗಳು ಬೆಳಕನ್ನು ಒಡೆದು ವಾಪಸ್ ಕಳಿಸುವ ರೀತಿಯಿಂದ ಬರುವ ಹೊಳಪು. ಅದಕ್ಕೇ ಈಗ ಕಪ್ಪಗೆ ಕಂಡ ಹಕ್ಕಿ ಕತ್ತು ಸ್ವಲ್ಪ ತಿರುಗಿಸಿದರೆ ಥಟ್ಟನೆ ನೇರಳೆ, ಹಸಿರು ಆಗಿಬಿಡುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಪರದೆಯ ಮರೆಯಲ್ಲಿ ಕೂತು, ಅದು ಕತ್ತು ತಿರುಗಿಸುವವರೆಗೆ ಕಾಯಿರಿ.

[ದೃಶ್ಯ: ಬಾವಿಯ ಮೇಲೆ ಬಾಗಿದ ಮರ, ತೂಗುವ ಗೀಜಗನ ಗೂಡುಗಳು. ದೂರದಿಂದ.]

ಈಗ ನನಗೆ ತುಂಬಾ ಇಷ್ಟದ ಹಕ್ಕಿ. ಗೀಜಗ.

1930ರ ಮಳೆಗಾಲ. ಪಕ್ಷಿ ತಜ್ಞ ಸಲೀಂ ಅಲಿ ಜರ್ಮನಿಯಲ್ಲಿ ಓದಿ ಬಂದಿದ್ದರು, ಕೈಯಲ್ಲಿ ಕೆಲಸ ಇರಲಿಲ್ಲ. ಮುಂಬೈ ಹತ್ತಿರದ ಕಿಹಿಮ್ ಅನ್ನುವ ಕರಾವಳಿಯ ಹಳ್ಳಿಯಲ್ಲಿ ಇದ್ದರು. ಮನೆ ಹತ್ತಿರವೇ ಗೀಜಗನ ಗೂಡುಗಳಿದ್ದವು. ಅದನ್ನೇ ಪಟ್ಟು ಹಿಡಿದು ನೋಡಿದರು. ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಿಕೊಂಡರೆ ಮಾತ್ರ ಗಂಡು ಆ ಗೂಡನ್ನು ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಯ ಮೇಲೆ ಕೂತ ಮೇಲೆ ಗಂಡು ಇನ್ನೊಂದು ಗೂಡು, ಇನ್ನೊಂದು ಹೆಣ್ಣು ಅಂತ ಮತ್ತೆ ಶುರು ಮಾಡುತ್ತದೆ! ಇದನ್ನು ಸರಿಯಾಗಿ ಬಿಡಿಸಿ ಹೇಳಿದ್ದು ಅವರ ದೊಡ್ಡ ಕೆಲಸಗಳಲ್ಲಿ ಒಂದು. ಆಗಿದ್ದು ಮನೆ ಪಕ್ಕದ ಸಾಮಾನ್ಯ ಹಕ್ಕಿಯಿಂದ.

ನಮ್ಮಲ್ಲೂ ಅಷ್ಟೇ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಅಲ್ಲೇ ಸುತ್ತಮುತ್ತ ಹಕ್ಕಿ ಫೋಟೋ ತೆಗೆಯುತ್ತಿದ್ದರು.

ಗೀಜಗನ ಕಥೆ ಗೊತ್ತಿದ್ದರೆ ನಿಮ್ಮ ಫೋಟೋನೂ ಬದಲಾಗುತ್ತದೆ. ಮಳೆ ಶುರುವಾದ ಮೇಲೆ ಅರ್ಧ ಕಟ್ಟಿದ ಗೂಡು ಹುಡುಕಿ. ಹೆಣ್ಣು ಹತ್ತಿರ ಬಂದರೆ ಹಳದಿ ತಲೆಯ ಗಂಡು ಗೂಡಿಗೆ ಜೋತುಬಿದ್ದು ರೆಕ್ಕೆ ಪಟಪಟ ಬಡಿಯುತ್ತದೆ. ಆ ಫೋಟೋ ಬೇಕು ನಮಗೆ. ಆದರೆ ದೂರ ನಿಲ್ಲಿ. ಅಡ್ಡ ಬಂತು ಅಂತ ಒಂದು ಕಡ್ಡಿಯನ್ನೂ ಮುರಿಯಬೇಡಿ. ಎಲೆ ಸರಿಸಿದರೆ ಗೂಡು ಕಾಗೆಯ ಕಣ್ಣಿಗೆ ಬೀಳುತ್ತದೆ. ಬೇರೆ ಹಕ್ಕಿಗಳ ಗೂಡಿನ ಹತ್ತಿರವಂತೂ ಹೋಗಲೇಬೇಡಿ. ಮೊಬೈಲ್‌ನಲ್ಲಿ ಕೂಗು ಹಾಕಿ ಕರೆಯುವುದೂ ಬೇಡ. ಪಾಪ, ಇನ್ನೊಂದು ಗಂಡು ಬಂತು ಅಂತ ಅದು ಕೆಲಸ ಬಿಟ್ಟು ಜಗಳಕ್ಕೆ ಬರುತ್ತದೆ.

ಕ್ಯಾಮೆರಾ ಯಾವುದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಡಿಎಸ್‌ಎಲ್‌ಆರ್, ಒಂದು 70-300 ಎಂಎಂ ಜೂಮ್ ಲೆನ್ಸ್ ಸಾಕು. ಮೊಬೈಲ್ ಮಾತ್ರ ಇದ್ದರೆ ಒಂದೇ ಹಕ್ಕಿಯ ಹತ್ತಿರದ ಫೋಟೋ ಕಷ್ಟ, ಗುಂಪಿನ ಫೋಟೋ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ತೆಗೆಯಿರಿ. ನೆಲದ ಮೇಲಿನ ಹಕ್ಕಿಗೆ ನೀವೂ ಕೂತುಬಿಡಿ, ಅದರ ಕಣ್ಣಿನ ಮಟ್ಟಕ್ಕೆ.

[ದೃಶ್ಯ: ಬೇಲಿ ಕಂಬದ ಮೇಲೆ ನೀಲಕಂಠ.]

ಕೊನೆಗೆ, ತೆಗೆದ ಫೋಟೋ ಮೊಬೈಲ್‌ನಲ್ಲೇ ಕೊಳೆಯಲು ಬಿಡಬೇಡಿ. ಇ-ಬರ್ಡ್ ಅಂತ ಉಚಿತ ಆಪ್ ಇದೆ. ಯಾವ ಹಕ್ಕಿ, ಎಷ್ಟು, ಎಲ್ಲಿ, ಯಾವತ್ತು ಅಂತ ಹಾಕಿ, ಜೊತೆಗೆ ಫೋಟೋ ಸೇರಿಸಿ. ನಮ್ಮಂಥವರು ಹಾಕಿದ ಈ ಲೆಕ್ಕದಿಂದಲೇ 2023ರಲ್ಲಿ ಭಾರತದ 942 ಬಗೆಯ ಹಕ್ಕಿಗಳ ಸ್ಥಿತಿಯ ವರದಿ ಬಂತು. ಅದರಲ್ಲಿ ಕಡಿಮೆಯಾಗುತ್ತಿವೆ ಅಂತ ಗುರುತಿಸಿದ ಹಕ್ಕಿಗಳಲ್ಲಿ ನೀಲಕಂಠವೂ ಇದೆ. ಕರ್ನಾಟಕದ ರಾಜ್ಯ ಪಕ್ಷಿ, ಹೊಲದ ಬದಿಯಲ್ಲಿ ಎಲ್ಲರೂ ನೋಡಿದ ಹಕ್ಕಿ! ಅದಕ್ಕೇ ಸಾಮಾನ್ಯ ಹಕ್ಕಿ ಅಂತ ಬಿಡಬೇಡಿ ಅನ್ನುವುದು. ನಿಮ್ಮೂರಲ್ಲಿ ನೀಲಕಂಠ ಕಂಡರೆ ಈ ವಾರವೇ ಒಂದು ಫೋಟೋ ತೆಗೆದು ಹಾಕಿ. ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ, ಗುರುತು ಸಿಕ್ಕರೆ ಸಾಕು.