ಶಾಲೆ ಪಕ್ಕದ ಕಾಡು, ನಮ್ಮ ಮೊದಲ ಎಡವಟ್ಟು

ಈಗ ವಿಡಿಯೋದಲ್ಲಿ ಕಾಣ್ತಿದ್ಯಲ್ಲ, ಶಾಲೆ ಕಾಂಪೌಂಡಿಗೆ ಅಂಟ್ಕೊಂಡಿರೋ ಈ ಜಾಗ, ದೂರದಿಂದ ನೋಡಿದ್ರೆ ಹಸಿರು ಹಸಿರಾಗಿ ಕಾಡೇ ಅನ್ಸುತ್ತೆ, ಹತ್ರ ಹೋದ್ರೆ ಮುಕ್ಕಾಲು ಪಾಲು ಬರೀ ಲಂಟಾನ, ಹೊರದೇಶದಿಂದ ಬಂದು ಹಬ್ಬಿರೋ ಕಳೆ ಪೊದೆ. ಅದರ ಕೆಳಗೆ ಬೆಳಕೇ ಇಳಿಯಲ್ಲ, ಇನ್ನು ಬೇರೆ ಗಿಡ ಎಲ್ಲಿಂದ ಏಳ್ಬೇಕು.

ಮೊದಲನೇ ಭಾನುವಾರ ಟೀಚರ್ಸು, ಪೇರೆಂಟ್ಸು, ಮಕ್ಳು ಎಲ್ಲಾ ಸೇರಿ ಮಚ್ಚು ಹಿಡ್ಕೊಂಡು (ಮಕ್ಳ ಕೈಗೆ ಕೊಟ್ಟಿಲ್ಲ, ಬೈಬೇಡಿ) ಒಂದು ಮೂಲೆ ಪೂರ್ತಿ ಬೋಳಿಸಿ ಗ್ರೂಪ್ ಫೋಟೋ ಬೇರೆ ಹೊಡ್ಕೊಂಡ್ವಿ. ಒಂದು ಮಳೆ ಬಿತ್ತು ನೋಡಿ, ಕಡಿದ ಬುಡಕ್ಕೆಲ್ಲ ನಾಲ್ಕ್ನಾಲ್ಕು ಚಿಗುರು, ಖಾಲಿ ಮಣ್ಣಲ್ಲಿ ಲಂಟಾನ ಸಸಿ ಯಾರೋ ಒಟ್ಲು ಹಾಕ್ದಂಗೆ. ಹಕ್ಕಿಗಳು ಹಣ್ಣು ತಿಂದು ಉದುರಿಸಿದ್ದ ಬೀಜ ಒಳಗೆ ಕಾಯ್ಕೊಂಡು ಕೂತಿತ್ತು, ನಾವೇ ಹೋಗಿ ಬಿಸಿಲು ಕಾಣಿಸಿದ್ವಿ.

ಆಮೇಲೆ ಓದಿದ್ದು, ಸಿಡ್ನಿಯಲ್ಲಿ 1960ರ ದಶಕದಲ್ಲೇ ಜೋನ್ ಮತ್ತೆ ಐಲೀನ್ ಬ್ರಾಡ್ಲಿ ಅಂತ ಅಕ್ಕತಂಗೀರು ಇದೇ ಕೆಲಸಕ್ಕೆ, ಅಂದ್ರೆ ಕಳೆ ತೆಗೆದು ಕಾಡು ವಾಪಸ್ ಬರಿಸೋದಕ್ಕೆ, ಇಳಿದಿದ್ರಂತೆ. ಅವರ ಲೆಕ್ಕ ನಮ್ದಕ್ಕೆ ಪೂರ್ತಿ ಉಲ್ಟಾ. ಕಳೆ ದಟ್ಟ ಇರೋ ಕಡೆಯಿಂದ ಅಲ್ಲ, ಕಾಡು ಇನ್ನೂ ಚೆನ್ನಾಗಿರೋ ಕಡೆಯಿಂದ ಶುರು ಮಾಡು, ಮಣ್ಣು ಕದಡಬೇಡ, ಬಿದ್ದಿರೋ ತರಗೆಲೆ ವಾಪಸ್ ಮುಚ್ಚು, ಅಲ್ಲಿನ ಗಿಡಗಳು ಎಷ್ಟು ಬೇಗ ಬರ್ತವೋ ಅಷ್ಟೇ ಮುಂದೆ ಹೋಗು.

ಹಾಗಾಗಿ ಈಗ ಮಚ್ಚಿಲ್ಲ, ಪಿಕಾಸಿ. ಕಾಂಡ ಮುಗಿದು ಬೇರು ಶುರುವಾಗೋ ಗಂಟಿದೆ ನೋಡಿ, ಚಿಗುರೋದೆಲ್ಲ ಅಲ್ಲಿಂದ್ಲೇ, ಅದಕ್ಕೇ ಅದರ ಕೆಳಗಿಂದ ಬೇರು ಕಡಿದು ಇಡೀ ಪೊದೆ ತಲೆಕೆಳಗೆ ಮಾಡಿ ಒಣಗಕ್ಕೆ ಬಿಡ್ತೀವಿ. ಕೈಗೆ ಹತ್ತಿದ ಆ ಘಾಟು ವಾಸನೆ ಮಾತ್ರ ಸೋಪ್ ಹಾಕಿದ್ರೂ ಹೋಗಲ್ಲ.

ಯಾರೋ ಒಬ್ರು ನರ್ಸರಿಯಿಂದ ಗುಲ್‌ಮೊಹರ್ ತರ್ತೀನಿ ಅಂದ್ರು, ಪಾಪ ಒಳ್ಳೆ ಮನಸಿಂದಾನೇ, ಆದ್ರೆ ಅದು ಮಡಗಾಸ್ಕರ್ ಮರ ಸಾರ್, ಒಂದು ಹೊರಗಿನ ಗಿಡ ಕಿತ್ತು ಇನ್ನೊಂದು ಹೊರಗಿಂದು ನೆಡೋದ್ರಲ್ಲಿ ಏನರ್ಥ. ನಾವು ಸದ್ಯಕ್ಕೆ ಒಂದು ಗಿಡಾನೂ ನೆಟ್ಟಿಲ್ಲ, ನೆಡೋದಿಕ್ಕಿಂತ, ಇಲ್ಲಿನ ಗಿಡ ತಾನಾಗೇ ಏಳ್ಲಿ ಅಂತ ಕಾಯೋದೇ ಕಷ್ಟ.

ಇಲ್ಲಿ, ಝೂಮ್ ಮಾಡ್ತೀನಿ ಇರಿ. ಹಳೇ ಮರದ ಬುಡದಲ್ಲಿ ತರಗೆಲೆ ಸರಿಸಿದ್ರೆ ಬೆರಳುದ್ದ ಸಸಿ, ನಾಲ್ಕೇ ಎಲೆ. ಏಳನೇ ಕ್ಲಾಸ್ ಹುಡ್ಗಿ ಒಬ್ಳು ಮರದ ಎಲೆ ತಂದು ಅದರ ಪಕ್ಕ ಹಿಡಿದು, "ಅಂಕಲ್, ಇದು ಇದ್ರದ್ದೇ ಮರಿ" ಅಂದ್ಲು. ಆಮೇಲೆ ಯಾರೂ ತುಳೀಬಾರ್ದು ಅಂತ ಸುತ್ತ ಕಲ್ಲಿಟ್ಲು. ನಾಲ್ಕು ತಿಂಗಳಲ್ಲಿ ನಾವು ಬಿಡಿಸಿರೋದು ಹತ್ತು ಹೆಜ್ಜೆ ಜಾಗ, ಅದ್ರಲ್ಲಿ ಇಂಥ ಕಲ್ಲಿನ ಸುತ್ತು ಈಗ ಹನ್ನೊಂದಾಗಿದೆ.