ಮೊದಲನೇ ನಂಬರು ಯಾರದ್ದು? ಮೊದಲು ಚೀಟಿ ತೋರಿಸಿ

(ಶಿರಸಿಯಲ್ಲಿ ಸಂಗೀತ ಕೇಳುಗರ ಸಭೆಗೆಂದು ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಹಿಂದುಸ್ತಾನಿ ಗಾಯಕರಲ್ಲಿ ಭೀಮಸೇನ ಜೋಶಿ ದೊಡ್ಡವರೋ ಮಲ್ಲಿಕಾರ್ಜುನ ಮನ್ಸೂರರೋ ಎಂಬ ಪ್ರಶ್ನೆ ನಮ್ಮ ಸೀಮೆಯ ಜಗಲಿಗೆ ಕವಳದ ತಬಕಿನ ಜೊತೆಗೇ ಬರುತ್ತದೆ. ಯಕ್ಷಗಾನದ ಹಾಡುಗಾರರಾದ ಭಾಗವತರ ವಿಷಯಕ್ಕೆ ತಿರುಗಿದರೆ ಕವಳ ಉಗುಳಿ ಎದ್ದು ನಿಲ್ಲುವವರೂ ಇದ್ದಾರೆ. ಅಭಿಮಾನಿ ಎಂದಮೇಲೆ ಪಟ್ಟಿ ಇದ್ದದ್ದೇ. ಕಲೆಯನ್ನು ಅಳೆಯಬಾರದು ಎನ್ನುವವರನ್ನೂ ಸ್ವಲ್ಪ ಕೆಣಕಿ ನೋಡಿ, ಒಳಜೇಬಿನಿಂದ ಒಂದು ಪಟ್ಟಿ ಹೊರಗೆ ಬರುತ್ತದೆ. ಹಾಗಾಗಿ ಪಟ್ಟಿ ಬೇಡ ಅನ್ನುವುದು ಈ ಮಾತಿನ ಉದ್ದೇಶವಲ್ಲ. ಪಟ್ಟಿಯ ತುದಿಯಲ್ಲಿ ಯಾರಿದ್ದಾರೆ ಎಂದು ಜಗಳಾಡುವ ಮೊದಲು, ಚೀಟಿ ಬರೆದವರು ಯಾರು, ಅಂಕ ಕೂಡಿಸಿದ್ದು ಹೇಗೆ ಎಂದು ಕೇಳೋಣ.

ಶಿರಸಿಯವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಅಡಿಕೆ ವಖಾರಿಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಲ್ಲ ಬೇರೆ ಬೇರೆ. ಹಸಿರಡಿಕೆ ಸುಲಿದು ಬೇಯಿಸಿ ಒಣಗಿಸಿದ್ದು ರಾಶಿಯಾದರೆ, ಹಣ್ಣಡಿಕೆಯನ್ನು ಸಿಪ್ಪೆಸಮೇತ ಬಿಸಿಲಿಗೆ ಹಾಕಿ ಆಮೇಲೆ ಸುಲಿದದ್ದು ಚಾಲಿ. ರಾಶಿಯೊಳಗೆ ಯಾವುದು ಮೇಲು, ಚಾಲಿಯೊಳಗೆ ಯಾವುದು ಮೇಲು ಎಂದು ನೋಡುತ್ತಾರೆಯೇ ಹೊರತು ಎರಡನ್ನೂ ಒಂದೇ ಚೀಲಕ್ಕೆ ಸುರಿದು ಯಾರೂ ದರ ಕಟ್ಟುವುದಿಲ್ಲ. ಸಂಗೀತಗಾರರ ಪಟ್ಟಿಗಳು ಹಾಳಾಗುವುದು ಹೆಚ್ಚಾಗಿ ಈ ಮೊದಲ ಹೆಜ್ಜೆಯಲ್ಲೇ. ಖಯಾಲು (ಹಿಂದುಸ್ತಾನಿ ಸಂಗೀತದ ಮುಖ್ಯ ಗಾಯನ ಪ್ರಕಾರ) ಹಾಡುವವರು, ಸಿನಿಮಾಕ್ಕೆ ಹಾಡುವವರು, ಭಾಗವತರು ಒಂದೇ ಚೀಲಕ್ಕೆ ಬೀಳುತ್ತಾರೆ. ಆಮೇಲೆ ಎಷ್ಟು ಪ್ರಾಮಾಣಿಕವಾಗಿ ಎಣಿಸಿದರೂ ಬರುವುದು ಗೊಂದಲವೇ.

ಚೀಲ ಬೇರೆ ಮಾಡಿಕೊಂಡೆವು ಅಂದುಕೊಳ್ಳಿ. ಖಯಾಲು ಮಾತ್ರ, ಮೂರೇ ಹೆಸರು: ಭೀಮಸೇನರು, ಮನ್ಸೂರರು, ಕುಮಾರ ಗಂಧರ್ವರು. ಹದಿನೈದು ಜನ ಚೀಟಿ ಬರೆಯುತ್ತಾರೆ. ಇದು ಲೆಕ್ಕಕ್ಕಾಗಿ ಕಟ್ಟಿಕೊಂಡ ಉದಾಹರಣೆ, ನಿಜವಾದ ಮತವಲ್ಲ. 6 ಜನ ಭೀಮಸೇನ, ಮನ್ಸೂರ, ಕುಮಾರ ಎಂಬ ಕ್ರಮದಲ್ಲಿ ಬರೆದರು. 5 ಜನ ಕುಮಾರ, ಮನ್ಸೂರ, ಭೀಮಸೇನ ಎಂದರು. ಉಳಿದ 4 ಜನರದ್ದು ಮನ್ಸೂರ, ಕುಮಾರ, ಭೀಮಸೇನ.

ಮೊದಲ ಹೆಸರನ್ನಷ್ಟೇ ಎಣಿಸಿ. ಭೀಮಸೇನರಿಗೆ 6, ಕುಮಾರರಿಗೆ 5, ಮನ್ಸೂರರಿಗೆ 4. ಭೀಮಸೇನರು ಗೆದ್ದರು. ಇನ್ನೊಬ್ಬರು ಬಂದು, ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಇಲ್ಲವಲ್ಲ, ಕೊನೆಯವರನ್ನು ಬಿಟ್ಟು ಮತ್ತೆ ಎಣಿಸಿ ಅನ್ನುತ್ತಾರೆ. ಮನ್ಸೂರರು ಹೊರಗೆ ಹೋದರು. ಅವರ ನಾಲ್ಕೂ ಚೀಟಿಯಲ್ಲಿ ಎರಡನೇ ಹೆಸರು ಕುಮಾರರದ್ದು. ಈಗ ಕುಮಾರರಿಗೆ 9, ಭೀಮಸೇನರಿಗೆ 6. ಕುಮಾರರು ಗೆದ್ದರು. ಮೂರನೆಯವರು ಮೊದಲ ಸ್ಥಾನಕ್ಕೆ 3, ಎರಡಕ್ಕೆ 2, ಮೂರಕ್ಕೆ 1 ಎಂದು ಅಂಕ ಕೊಡುತ್ತಾರೆ. ಮನ್ಸೂರರಿಗೆ 34, ಕುಮಾರರಿಗೆ 29, ಭೀಮಸೇನರಿಗೆ 27. ಮನ್ಸೂರರು ಗೆದ್ದರು, ಭೀಮಸೇನರು ತಳಕ್ಕೆ ಬಂದರು.

ಅವೇ ಚೀಟಿ, ಅವೇ ಹದಿನೈದು ಜನ, ಮೂವರೂ ಮೊದಲನೇ ನಂಬರು. ಮೋಸ ಎಲ್ಲಿಯೂ ಆಗಿಲ್ಲ.

ಅಂಕದ ಅಂತರ ಬದಲಿಸಿದರೂ ಸಾಕು. 3-2-1ರ ಬದಲು 10-2-1 ಇಟ್ಟರೆ ಭೀಮಸೇನರಿಗೆ 69, ಕುಮಾರರಿಗೆ 64, ಮನ್ಸೂರರಿಗೆ 62. ಅಂತರ ಕಡಿಮೆಯಿದ್ದಾಗ ಎಲ್ಲರಿಗೂ ಸಾಕಷ್ಟು ಹಿಡಿಸುವವರು ಮೇಲೆ ಬರುತ್ತಾರೆ. ಅಂತರ ದೊಡ್ಡದಾದಾಗ ಕೆಲವರಿಗೆ ಪ್ರಾಣವಾಗಿರುವವರು ಮೇಲೇರುತ್ತಾರೆ. ಅಭಿಮಾನಿಗಳ ಪಟ್ಟಿಗೆ ಚಿಕ್ಕ ಅಂತರವೇ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಹುಚ್ಚು ಅಭಿಮಾನಕ್ಕೆ ಮೊದಲೇ ಸಾಕಷ್ಟು ದನಿಯಿದೆ, ಅದಕ್ಕೆ ಹತ್ತು ಅಂಕದ ಮೈಕೂ ಬೇಡ.

ಇನ್ನು ಚೀಟಿ ಬರೆಯುವವರು. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ 2003ರಲ್ಲಿ ಬೀಟಲ್ಸ್ ತಂಡದ ಸಾರ್ಜೆಂಟ್ ಪೆಪ್ಪರ್ ಮೊದಲನೆಯದು. 2020ರಲ್ಲಿ ಹೊಸ ಮತದಾರರನ್ನು ಸೇರಿಸಿ, ಮುನ್ನೂರಕ್ಕೂ ಹೆಚ್ಚು ಜನರಿಂದ ತಲಾ 50 ಆಲ್ಬಂಗಳ ಪಟ್ಟಿ ತರಿಸಿ ಮತ್ತೆ ಎಣಿಸಿದರು. ಮಾರ್ವಿನ್ ಗೇ ಅವರ ವಾಟ್ಸ್ ಗೋಯಿಂಗ್ ಆನ್ ಆರರಿಂದ ಒಂದಕ್ಕೆ ಏರಿತು, ಸಾರ್ಜೆಂಟ್ ಪೆಪ್ಪರ್ 24ಕ್ಕೆ ಇಳಿಯಿತು. ಈ ಹದಿನೇಳು ವರ್ಷಗಳಲ್ಲಿ ಎರಡೂ ಆಲ್ಬಂಗಳ ಒಂದು ಸ್ವರವೂ ಬದಲಾಗಿರಲಿಲ್ಲ. ಅದೇ ಪತ್ರಿಕೆ 2023ರಲ್ಲಿ 200 ಗಾಯಕರ ಪಟ್ಟಿ ಮಾಡಿತು. ಅರೀಥಾ ಫ್ರ್ಯಾಂಕ್ಲಿನ್ ಮೊದಲು, ಲತಾ ಮಂಗೇಶ್ಕರ್ 84, ನುಸ್ರತ್ ಫತೇ ಅಲಿ ಖಾನ್ 91. ಸೆಲೀನ್ ಡಿಯಾನ್ ಹೆಸರೇ ಇಲ್ಲವೆಂದು ಅಭಿಮಾನಿಗಳು ನ್ಯೂಯಾರ್ಕಿನ ಕಚೇರಿಯೆದುರು ಫಲಕ ಹಿಡಿದು ನಿಂತರು. ಆ ಪಟ್ಟಿಯನ್ನು ಮಾಡಿದ್ದು ಪತ್ರಿಕೆಯ ಸಿಬ್ಬಂದಿ ಮತ್ತು ಅದರ ಲೇಖಕರು. ಲತಾಗೆ 84 ಎಂದು ನಮ್ಮವರು ಬೇಸರಪಟ್ಟುಕೊಂಡರು. ಆದರೆ ಅಷ್ಟು ದೂರದಲ್ಲಿ ಕುಳಿತು ಇಂಗ್ಲಿಷ್ ಹಾಡು ಕೇಳಿ ಬೆಳೆದವರ ಚೀಟಿಗಳಲ್ಲಿ ಆ ಹೆಸರು ಬಂತಲ್ಲ, ಅದೇ ಹೆಚ್ಚು ಎನ್ನಬಹುದು.

ನಮ್ಮ ಜಿಲ್ಲೆಯೊಳಗೂ ಇದೇ ಕಥೆ. ಶಿರಸಿಯಲ್ಲಿ ಡಬ್ಬಿ ಇಟ್ಟರೆ ಧಾರವಾಡದ ಕಡೆಯ ಹೆಸರು ಬೀಳುತ್ತದೆ. ಕಾಳಿ ನದಿ ದಾಟಿ ಕಾರವಾರದಾಚೆ ಗೋವೆಯ ಗಡಿಗೆ ಹೋಗಿ ಇಟ್ಟರೆ ಗೋವೆಯ ಗಾಯಕರಾದ ಕೇಸರಬಾಯಿ ಕೇರ್ಕರ್, ಮೊಗುಬಾಯಿ ಕುರ್ಡೀಕರ್, ಜಿತೇಂದ್ರ ಅಭಿಷೇಕಿ ಏಳುತ್ತಾರೆ. ಭಟ್ಕಳದಲ್ಲಿ ಇಟ್ಟರೆ ಚೀಟಿ ಉಡುಪಿಯತ್ತ ವಾಲುತ್ತದೆ. ಕೇಸರಬಾಯಿಯವರನ್ನು ಇಲ್ಲಿ ಮರೆಯುವವರಿಗೆ ಒಂದು ನೆನಪು: 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಭೂಮಿಯ ಸಂಗೀತವೆಂದು ಹೊತ್ತು ಹೋದ ಚಿನ್ನದ ತಟ್ಟೆಯಲ್ಲಿ ಭಾರತದ ಪಾಲಿಗೆ ಇರುವುದು ಅವರ ಮೂರೂವರೆ ನಿಮಿಷದ ಭೈರವಿ. ಅದೂ ಒಂದು ಪಟ್ಟಿಯೇ, ಒಂದೇ ಸ್ಥಾನದ ಪಟ್ಟಿ.

ಅಭಿಪ್ರಾಯ ಬೇಡ, ಸಂಖ್ಯೆ ಹೇಳಿ ಅನ್ನುವವರಿಗೂ ಒಂದು ಮಾತು. 1974ರಲ್ಲಿ ಗಿನ್ನೆಸ್ ದಾಖಲೆ ಪುಸ್ತಕ ಲತಾ ಅವರು 1948ರಿಂದ 25,000ಕ್ಕೆ ಕಡಿಮೆಯಿಲ್ಲದಷ್ಟು ಹಾಡು ಹಾಡಿದ್ದಾರೆಂದು ಬರೆಯಿತು. ಮೊಹಮ್ಮದ್ ರಫಿ ಅದನ್ನು ಒಪ್ಪಲಿಲ್ಲ, ತಮ್ಮ ಲೆಕ್ಕ ಅದಕ್ಕಿಂತ ದೊಡ್ಡದೆಂದರು. ಕಾಗದ ಪೆನ್ನು ತೆಗೆದುಕೊಳ್ಳಿ. 26 ವರ್ಷಕ್ಕೆ 9,490 ದಿನ; ಒಂದು ದಿನವೂ ರಜೆಯಿಲ್ಲದೆ ದಿನಕ್ಕೆ ಎರಡೂವರೆಗಿಂತ ಹೆಚ್ಚು ಹಾಡು. ಹಿಂದಿ ಚಿತ್ರಗೀತೆಗಳನ್ನು ಚಿತ್ರ ಚಿತ್ರ ಹಿಡಿದು ಎಣಿಸಿದ ಸಂಗ್ರಾಹಕರಿಗೆ ಸಿಕ್ಕಿದ್ದು ಐದು ಸಾವಿರದ ಆಸುಪಾಸು. 1991ರ ಹೊತ್ತಿಗೆ ಆ ನಮೂದನ್ನೇ ತೆಗೆದುಹಾಕಿದರು. ಆಮೇಲೆ 2011ರಲ್ಲಿ ಆಶಾ ಭೋಸ್ಲೆ ಹೆಸರಿಗೆ 11,000, 2016ರಲ್ಲಿ ಪಿ. ಸುಶೀಲಾ ಹೆಸರಿಗೆ 17,695. ಕೊನೆಯ ಅಂಕಿಯನ್ನು ಗಮನಿಸಿ: ದುಂಡಗಿನ ಸಂಖ್ಯೆಯಲ್ಲ. ಯಾರೋ ಕುಳಿತು ಒಂದೊಂದಾಗಿ ಎಣಿಸಿದ ಗುರುತು ಅದು. ಸೊನ್ನೆಗಳಲ್ಲಿ ಮುಗಿಯುವ ದಾಖಲೆ ಕಂಡರೆ ಮೊದಲು ಅನುಮಾನಪಡಿ. ಯುಗಳಗೀತೆಯನ್ನು ಇಬ್ಬರ ಖಾತೆಗೂ ಬರೆದರೋ, ಒಂದೇ ಹಾಡು ಮೂರು ಭಾಷೆಯಲ್ಲಿದ್ದರೆ ಒಂದೋ ಮೂರೋ ಎಂದು ಆಮೇಲೆ ಕೇಳಿ.

ಮಾರಾಟದ ಲೆಕ್ಕಕ್ಕೂ ಅದರದೇ ರೋಗಗಳಿವೆ. 1952ರ ಕೊನೆಯಲ್ಲಿ ರೇಡಿಯೋ ಸಿಲೋನಿನಲ್ಲಿ ಶುರುವಾಗಿ ಅಮೀನ್ ಸಯಾನಿ ದನಿಯಲ್ಲಿ ಮನೆಮಾತಾದ, ಹಿಂದಿ ಚಿತ್ರಗೀತೆಗಳಿಗೆ ಕ್ರಮಾಂಕ ಕೊಡುತ್ತಿದ್ದ ಬಿನಾಕಾ ಗೀತಮಾಲಾ ಅಂಗಡಿಗಳ ಗ್ರಾಮಫೋನ್ ಪ್ಲೇಟು ಮಾರಾಟವನ್ನೂ ಶ್ರೋತೃ ಸಂಘಗಳ ಮತವನ್ನೂ ಸೇರಿಸಿ ನೋಡುತ್ತಿತ್ತು. ಮಾರಾಟವೊಂದನ್ನೇ ನಂಬಿದರೆ ಅಂಗಡಿಯಲ್ಲಿ ಪ್ಲೇಟು ಮುಗಿದ ವಾರ ಹಾಡು ಕೆಳಗಿಳಿಯುತ್ತದೆ. ಶ್ರೋತೃಗಳ ಪತ್ರವೊಂದನ್ನೇ ನಂಬಿದರೆ ಒಂದೇ ಕೈ ನೂರು ಕಾರ್ಡು ಬರೆಯುತ್ತದೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿ 1991ರವರೆಗೆ ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಿತ್ತು. ಬಾರ್‌ಕೋಡ್ ಲೆಕ್ಕ ಬಂದದ್ದೇ ತಡ, ಅಂಗಡಿಯವರ ಬಾಯಿಗೆ ಬಾರದಿದ್ದ ರ‍್ಯಾಪ್ ಮತ್ತು ಕಂಟ್ರಿ ಹಾಡುಗಳು ಮೇಲಕ್ಕೆ ನುಗ್ಗಿದವು.

ಯಾರ ಚೀಟಿಯಲ್ಲೂ ಬರದ ಹೆಸರುಗಳೂ ಇವೆ. ಹಿಂದಿನ ತಲೆಮಾರಿನ ಗಾಯಕರಾದ ಅಲ್ಲಾದಿಯಾ ಖಾನರು, ಭಾಸ್ಕರಬುವಾ ಬಖಲೆಯವರು ಧ್ವನಿಮುದ್ರಿಕೆಯನ್ನೇ ಬಿಟ್ಟುಹೋಗಿಲ್ಲ. ಖಾನರ ಹಾಡುಗಾರಿಕೆಯನ್ನು ಅವರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಿಂದ ಕಲಿತ ಮನ್ಸೂರರ ಮೂಲಕ ಊಹಿಸಬೇಕು. ಇಂಥವರನ್ನು ಪಟ್ಟಿಯೊಳಗೆ ಹಿಂಡಿ ಕೂರಿಸಬೇಡಿ. ಮೇಲೆ ಒಂದು ಗೆರೆ ಎಳೆದು ಬೇರೆಯೇ ಬರೆಯಿರಿ. ಕೇಳದ ದನಿಗೆ ಅಂಕ ಕೊಡುವುದು ದಂತಕಥೆಗೆ ಅಂಕ ಕೊಟ್ಟಂತೆ.

ಮುದ್ರಿಕೆ ಇರುವವರನ್ನು ಕೇಳುವಾಗಲೂ ಎಚ್ಚರ ಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿನ ಒಂದು ಬದಿಗೆ ಹಿಡಿಯುವುದು ಮೂರು ನಿಮಿಷ ಚಿಲ್ಲರೆ. ಅದರಲ್ಲಿ ಹಾಡಿದವರು ವಿಲಂಬಿತವನ್ನು (ನಿಧಾನಗತಿಯ ಭಾಗವನ್ನು) ಬಿಟ್ಟು ತಾನುಗಳಿಗೆ (ವೇಗದ ಸ್ವರಗುಚ್ಛಗಳಿಗೆ) ಧಾವಿಸಿದರೆ ಅದು ಅವರ ಸ್ವಭಾವವಲ್ಲ, ಪ್ಲೇಟಿನ ಅಳತೆ. ಅದನ್ನು ಇನ್ನೊಬ್ಬರ ಒಂದು ಗಂಟೆಯ ಬೈಠಕ್ಕಿನ ಪಕ್ಕದಲ್ಲಿಟ್ಟು ತೂಗಬಾರದು. ಹಳೆ ಪ್ಲೇಟನ್ನು ಟೇಪಿಗೆ ಇಳಿಸುವಾಗ 78ರ ಬದಲು 80 ಸುತ್ತಿನಲ್ಲಿ ತಿರುಗಿಸಿದ್ದರೆ, ಹಾರ್ಮೋನಿಯಮ್ಮಿನ ಬಿಳಿಯಿಂದ ಪಕ್ಕದ ಕಪ್ಪಿಗೆ ಇರುವ ದೂರದ ಹೆಚ್ಚುಕಡಿಮೆ ಅರ್ಧದಷ್ಟು ಶ್ರುತಿ ಏರುತ್ತದೆ. ತಾನುಗಳು ಚುರುಕಾಗುತ್ತವೆ, ದನಿ ಎಳೆಯದಾಗುತ್ತದೆ, ಕೇಳುವವರು ಆಹಾ ಎನ್ನುತ್ತಾರೆ. ಹೋಲಿಸುವಾಗ ಒಂದೇ ರಾಗ ಆರಿಸಿ, ಸರಿಸುಮಾರು ಅಷ್ಟೇ ಉದ್ದದ, ಸಾಧ್ಯವಾದರೆ ಎರಡೂ ಕಚೇರಿಯದೇ ಮುದ್ರಿಕೆ ಹಿಡಿಯಿರಿ. ಸದ್ದಿನ ಮಟ್ಟವನ್ನು ಸಮ ಮಾಡಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ಶಿಖರ ನೋಡಬೇಕೋ ಇಡೀ ಬಾಳುವೆಯನ್ನೋ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕ್ಷಯ ಹಿಡಿದು ವರ್ಷಗಟ್ಟಲೆ ಹಾಡದೆ, ಒಂದು ಶ್ವಾಸಕೋಶ ಕಳೆದುಕೊಂಡು ತಿರುಗಿ ಬಂದ ಕುಮಾರರನ್ನು ವರ್ಷಗಳ ಲೆಕ್ಕದಲ್ಲಿ ತೂಗಿದರೆ ಅನ್ಯಾಯವಾಗುತ್ತದೆ. 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರಿಗೂ ಅದೇ ಮಾತು.

ನಾವಡರ ಹೆಸರು ಬಂತು, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಭಾಗವತರ ಪಟ್ಟಿ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಭಾಗವತಿಕೆಯ ಅರ್ಧ ಕೆಲಸ ಕಿವಿಗೆ ಬೀಳುವುದೇ ಇಲ್ಲ. ಕ್ಯಾಸೆಟ್ಟಿನಲ್ಲಿ ಕೇಳುವುದು ಶಾರೀರ, ಮಟ್ಟು, ತಾಳ. ಕಾಣದೆ ಹೋಗುವುದು ಬೇರೆ: ವೇಷಧಾರಿಯ ಹೆಜ್ಜೆಗೆ ಕಾದು ಪದ್ಯ ಎತ್ತಿದರೇ, ಅರ್ಥ (ವೇಷಧಾರಿಯ ಮಾತು) ಉದ್ದವಾದಾಗ ಮುಂದಿನ ಎಷ್ಟು ಪದ್ಯ ಬಿಟ್ಟರು, ಏರುಪದ್ಯದಲ್ಲಿ (ಬಿರುಸಿನ ಪದ್ಯದಲ್ಲಿ) ಚೆಂಡೆ ಮದ್ದಳೆಯವರನ್ನು ಎಲ್ಲಿ ತಡೆದರು, ಬೆಳಗಾಗುವ ಹೊತ್ತಿಗೆ ಪ್ರಸಂಗ ಮುಗಿಯಿತೇ. ಕೆರೆಮನೆ ಮೇಳದ ಆಟಗಳಲ್ಲಿ (ಯಕ್ಷಗಾನ ಪ್ರದರ್ಶನಗಳಲ್ಲಿ) ನೆಬ್ಬೂರು ನಾರಾಯಣ ಭಾಗವತರನ್ನು ಕಂಡವರು ಅವರನ್ನು ಮೇಲಿಡುತ್ತಾರೆ, ಕ್ಯಾಸೆಟ್ಟಿನಿಂದ ಬಂದವರು ನಾವಡರನ್ನು. ಎರಡು ಗುಂಪೂ ತಪ್ಪಿಲ್ಲ, ಅವರು ನೋಡುತ್ತಿರುವುದೇ ಬೇರೆ ಬೇರೆ ಕೆಲಸವನ್ನು. ಹಾಗಾಗಿ ಭಾಗವತರಿಗೆ ಎರಡು ಕಾಲಂ ಇರಲಿ: ಹಾಡುಗಾರಿಕೆಗೆ 50, ಆಟ ನಡೆಸಿದ್ದಕ್ಕೆ 50. ಆಟವನ್ನು ಕಣ್ಣಾರೆ ನೋಡದವರು ಎರಡನೆಯ ಕಾಲಂ ಖಾಲಿ ಬಿಡಲಿ, ಸೊನ್ನೆ ಹಾಕುವುದು ಬೇಡ. ಖಾಲಿ ಬಿಟ್ಟದ್ದನ್ನು ಸರಾಸರಿಗೆ ಹಿಡಿಯುವುದಿಲ್ಲ. ಸೊನ್ನೆ ಹಾಕಿದರೆ ಅದು ಸರಾಸರಿಯನ್ನು ಕೆಳಗೆ ಎಳೆಯುತ್ತದೆ.

ನಿಮ್ಮ ಕುರ್ಚಿಯ ಮೇಲೆ ಎರಡು ಚೀಟಿ ಇವೆ. ಬಿಳಿಯದು ಖಯಾಲಿಗೆ, ಹಳದಿ ಭಾಗವತರಿಗೆ. ಬಿಳಿಯದರಲ್ಲಿ ಮೂರು ಹೆಸರು ಕ್ರಮವಾಗಿ ಬರೆಯಿರಿ, 3-2-1 ಅಂಕ. ಹಳದಿಯಲ್ಲಿ ಎರಡು ಕಾಲಂ. ಒಟ್ಟು ಒಂದು ಗಂಟೆಯಾದರೂ ಕೇಳಿರದ ಹೆಸರನ್ನು ಬರೆಯಬೇಡಿ. ಹಿಂಬದಿಯಲ್ಲಿ ನಿಮ್ಮ ಊರು, ವಯಸ್ಸು ಮಾತ್ರ ಹಾಕಿ, ಹೆಸರು ಬೇಡ. ಫಲಿತಾಂಶದ ಜೊತೆಗೆ ಆ ಊರುಗಳ ಪಟ್ಟಿಯನ್ನೂ ಗೋಡೆಗೆ ಅಂಟಿಸಲಾಗುವುದು. ಚಹಾ ಮುಗಿಯುವವರೆಗೆ ಡಬ್ಬಿ ಬಾಗಿಲ ಹತ್ತಿರವೇ ಇರುತ್ತದೆ.