ಹಗ್ಗ ಕೈಯಲ್ಲಿರಲಿ

ಕೇಳುಗರಿಗೆ ನಮಸ್ಕಾರ. ಕೊಡಗಲ್ಲಿ ನಾಯಿ ಜೊತೆ ಬೆಟ್ಟ ಹತ್ತೋದರ ಬಗ್ಗೆ ನಾಲ್ಕು ಮಾತಾಡಿ ಅಂತ ಪಶುವೈದ್ಯನಾದ ನನ್ನನ್ನು ಬಾನುಲಿಯವರು ಕರೆದಿದ್ದಾರೆ. ನಾಲ್ಕು ಬೇಡ, ಒಂದೇ ಸಾಕು. ಹಗ್ಗ ಕೈಯಲ್ಲಿರಲಿ. ಬೆಲ್ಟು ಅನ್ನಿ, ಚೈನು ಅನ್ನಿ, ಆರಡಿ ಉದ್ದದ್ದು ಏನಾದರೂ ಸರಿ. ಒಂದು ತುದಿ ನಾಯಿ ಮೈಮೇಲೆ, ಇನ್ನೊಂದು ತುದಿ ನಿಮ್ಮ ಕೈಯಲ್ಲಿ.

ಇದನ್ನು ಯಾರ್ಯಾರು ಕೇಳ್ತಿದ್ದೀರಿ ಅಂತ ನನಗೆ ಅಂದಾಜಿದೆ. ಬೆಂಗಳೂರಿಂದ ಹೊರಟು ಕುಶಾಲನಗರ ದಾಟಿ, ಹಿಂದಿನ ಸೀಟಲ್ಲಿ ಲ್ಯಾಬ್ರಡಾರ್ ಕೂರಿಸಿಕೊಂಡು ಬರ್ತಿರೋರು ನೀವು. ಕಕ್ಕಬ್ಬೆ ಕಡೆ ಹೋಂಸ್ಟೇ ನಡೆಸ್ತಾ, ನಾಯಿ ತರಬಹುದಾ ಅಂತ ಫೋನ್ ಬಂದಾಗೆಲ್ಲ ಹೂಂ ಅಂದುಬಿಡೋರು ನೀವು. ಇಬ್ಬರೂ ನನಗೆ ಹೇಳೋ ಮಾತು ಒಂದೇ: "ನಮ್ಮ ನಾಯಿ ಹಾಗಲ್ಲ ಡಾಕ್ಟ್ರೇ, ಕರೆದ ತಕ್ಷಣ ಓಡಿ ಬರುತ್ತೆ."

ಬರುತ್ತೆ. ತೊಂದರೆ ಇರೋದೇ ಅಲ್ಲಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿದ್ದಾಪುರದ ಕಡೆ ಒಂದು ತೋಟಕ್ಕೆ ಹೋಗಿದ್ದೆ. ಹಸು ಕರು ಹಾಕೋಕೆ ಒದ್ದಾಡ್ತಿತ್ತು. ಬೆಳಗಿನ ಜಾವದ ಹೊತ್ತಿಗೆ ಕರು ಆಚೆ ಬಂತು, ಎರಡೂ ಕ್ಷೇಮ. ಯಜಮಾನರಿಗೆ ಅರವತ್ತು ದಾಟಿತ್ತು, ಖುಷಿಯಲ್ಲಿದ್ದರು. ಕಾಫಿ ಕೊಟ್ಟು, "ಬನ್ನಿ ಡಾಕ್ಟ್ರೇ, ಮೇಲಿನ ಗುಡ್ಡದ ಬಾಣೆ ಜಮೀನಿನ ತನಕ ನಡೆದು ಬರೋಣ, ಬೆಟ್ಟ ಚೆನ್ನಾಗಿ ಕಾಣುತ್ತೆ" ಅಂದರು. ಅವರ ನಾಯಿ ಕಾಳು ಮುಂದೆ ಮುಂದೆ. ಹಗ್ಗ ಇಲ್ಲ. ಮೇ ತಿಂಗಳು, ತೋಟದ ತುಂಬ ಹಲಸಿನ ಹಣ್ಣಿನ ವಾಸನೆ. ಹಲಸು ಹಣ್ಣಾದರೆ ತೋಟಕ್ಕೆ ಯಾರು ಬರ್ತಾರೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ನಾನು ಬಯಲುಸೀಮೆಯವನು, ನನಗೆ ಹೊಳೀಲಿಲ್ಲ. ಯಜಮಾನರಿಗೆ ಯಾಕೆ ಹೊಳೀಲಿಲ್ಲವೋ ಇವತ್ತಿಗೂ ಗೊತ್ತಿಲ್ಲ.

ಕಾಳು ರೊಬಸ್ಟಾ ಕಾಫಿ ಗಿಡಗಳ ಅಡಿಯಲ್ಲಿ ನುಗ್ಗಿ ಕಣ್ಮರೆಯಾಯಿತು. ಬೊಗಳಿತು, ಬೊಗಳಿತು, ಆಮೇಲೆ ಅದರ ದನಿಯೇ ಬದಲಾಯಿತು. ಯಜಮಾನರು "ಕಾಳೂ" ಅಂತ ಒಂದೇ ಸಲ ಕೂಗಿದ್ದು. ಎಂಥ ವಿಧೇಯ ನಾಯಿ ಅಂತೀರಿ! ಬಾಣದ ಹಾಗೆ ಸೀದಾ ನಮ್ಮ ಹತ್ತಿರ ಬಂತು. ಅದರ ಹಿಂದೆಯೇ ಕಾಫಿ ಗಿಡಗಳು ಲಟಲಟ ಮುರಿಯೋ ಸದ್ದು, ಆ ಸದ್ದಿನ ಹಿಂದೆ ಹೆಣ್ಣಾನೆ. ಮರಿ ಇದ್ದ ಆನೆ.

ಓಡಿದೆ. ಹತ್ತು ಹೆಜ್ಜೆಗೆ, ಮಳೆನೀರು ಇಂಗಲಿ ಅಂತ ತೋಟದಲ್ಲಿ ತೋಡಿದ್ದ ತೊಟ್ಟಿಲು ಗುಂಡಿಯಲ್ಲಿ ಕಾಲು ಸಿಕ್ಕಿ ಮುಖ ಅಡಿಯಾಗಿ ಬಿದ್ದೆ. ಆನೆ ನನ್ನನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ, ಅದಕ್ಕೆ ಬೇಕಾಗಿದ್ದು ನಾಯಿ. ಪಕ್ಕದಲ್ಲೇ ಹಾದು ಹೋಗಿ ನನ್ನ ಔಷಧಿ ಚೀಲ ತುಳಿದು ಅಪ್ಪಚ್ಚಿ ಮಾಡಿತು. ಹೊಸ ಸ್ಟೆತೊಸ್ಕೋಪು, ಮೊದಲ ಸಂಬಳದ್ದು. ಅಷ್ಟರಲ್ಲಿ ಮರಿ ಕೂಗಿತು, ತಾಯಿ ತಿರುಗಿ ಹೋಯಿತು. ತಲೆ ಎತ್ತಿ ನೋಡಿದರೆ ಯಜಮಾನರು ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಸವರೋಕೆ ಅಂತ ಇಟ್ಟಿದ್ದ ಬಿದಿರೇಣಿಯ ತುತ್ತತುದಿಯಲ್ಲಿ! ಪಂಚೆ ಕೆಳಗಿನ ಮೆಟ್ಟಿಲಲ್ಲಿ. ಏಣಿಯ ಬುಡದಲ್ಲಿ ಕಾಳು ಕೂತು ಬಾಲ ಅಲ್ಲಾಡಿಸ್ತಿತ್ತು. ಕರೆದಿರಿ, ಬಂದೆ, ಇನ್ನೇನು ಅನ್ನೋ ಹಾಗೆ.

ನಗ್ತಿದ್ದೀರಿ. ನಾನೂ ನಗ್ತೀನಿ, ಬದುಕಿದ್ದೀನಲ್ಲ. ಹೆದರಿದ ನಾಯಿ ಕಾಡಿಗೆ ಓಡಲ್ಲ, ಒಡೆಯನ ಕಾಲಿಗೆ ಓಡಿ ಬರುತ್ತೆ, ಆನೆಯನ್ನೂ ಜೊತೆಗೆ ಕರ್ಕೊಂಡು ಬರುತ್ತೆ. ಹಗ್ಗದಲ್ಲಿದ್ದ ನಾಯಿ ಆನೆ ಹತ್ತಿರ ಹೋಗೋದೇ ಇಲ್ಲ. ಹಗ್ಗ ಕೈಯಲ್ಲಿರಲಿ.

ಚಿರತೆಗೆ ನಾಯಿ ಅಂದರೆ ಪ್ರಾಣ. ಸಂಜೆ ಮಬ್ಬಾಗೋ ಮುಂಚೆ ಇಳಿದುಬಿಡಿ. ಇನ್ನು ಉರುಳು. ಹಂದಿಗೆ ಅಂತ ಕಳ್ಳತನದಲ್ಲಿ ಕೇಬಲ್ ತಂತಿಯ ಉರುಳು ಇಡ್ತಾರೆ. ಸೊಂಟಕ್ಕೆ ತಂತಿ ಬಿಗಿದ ನಾಯಿಗಳನ್ನು ನಾನು ಹೊಲಿದಿದ್ದೀನಿ. ಅದರಲ್ಲಿ ಒಂದಾದರೂ ಹಗ್ಗದಲ್ಲಿದ್ದ ನಾಯಿಯಲ್ಲ.

ಎಲ್ಲಿಗೆ ಹೋಗಬಹುದು ಅಂತ ಕೇಳ್ತೀರಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ, ಈ ಮೂರೂ ವನ್ಯಜೀವಿ ಅಭಯಾರಣ್ಯ. ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಅಲ್ಲೆಲ್ಲ ನಾಯಿ ಬೇಡವೇ ಬೇಡ. ನಿಮ್ಮ ನಾಯಿಯ ಡಿಸ್ಟೆಂಪರ್ ರೋಗ ಕಾಡಿನ ಕೆನ್ನಾಯಿಗಳಿಗೂ ಹತ್ತುತ್ತೆ. ಬೇರೆ ಬೆಟ್ಟ ಅಂದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ತೋಟದ ದಾರಿ ಅಂದರೆ ತೋಟದವರನ್ನು ಕೇಳಿ. ಕಾಫಿ ಹಣ್ಣು ಕುಯ್ಯೋ ಹೆಂಗಸಿಗೆ ನಿಮ್ಮ ನಾಯಿ ನೆಕ್ಕೋಕೆ ಬರ್ತಿದೆಯೋ ಕಚ್ಚೋಕೆ ಬರ್ತಿದೆಯೋ ಹೇಗೆ ಗೊತ್ತಾಗಬೇಕು? ಕಣದಲ್ಲಿ ಒಣಗೋಕೆ ಹಾಕಿದ ಕಾಫಿ ಮೇಲೆ ನಾಯಿ ಕಾಲೆತ್ತಿದರೆ ಆ ಮನೆಯಲ್ಲಿ ನಿಮಗೆ ಕಾಫಿ ಸಿಗಲ್ಲ. ದೇವರಕಾಡಿನೊಳಗೆ ಕಾಲಿಡಬೇಡಿ. ಅಯ್ಯಪ್ಪನಿಗೆ ಇಲ್ಲಿ ಮಣ್ಣಿನ ನಾಯಿ ಹರಕೆ ಒಪ್ಪಿಸ್ತಾರೆ, ನೋಡಿರಬಹುದು. ಆ ನಾಯಿಗಳು ಇಟ್ಟ ಜಾಗ ಬಿಟ್ಟು ಏಳಲ್ಲ. ಅವಕ್ಕೆ ಹಗ್ಗ ಬೇಡ, ನಿಮ್ಮದಕ್ಕೆ ಬೇಕು.

ಗಾಜಿನ ಆಚೆಯಿಂದ ಕೈ ತೋರಿಸ್ತಿದ್ದಾರೆ, ಎರಡು ನಿಮಿಷ ಅಂತ. ಆನೆ ಕಥೆ ಉದ್ದವಾಯಿತು. ಬೇಗ ಬೇಗ ಹೇಳ್ತೀನಿ. ರೇಬೀಸ್ ಚುಚ್ಚುಮದ್ದು ಪ್ರತಿ ವರ್ಷ. ಇಲಿ ಜ್ವರದ್ದೂ ಹಾಕಿಸಿ, ನಮ್ಮದು ಮಳೆನಾಡು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. 1748 ಮೀಟರಿನ ತಡಿಯಂಡಮೋಳ್ ತುದಿಯಲ್ಲಿ ಬರೀ ಹುಲ್ಲು, ನೆರಳಿಲ್ಲ. ಅಂಥ ಬೋಳುಗುಡ್ಡಕ್ಕೆ ಮೂತಿ ಚಪ್ಪಟೆ ಇರೋ ಪಗ್ಗನ್ನು ಕರ್ಕೊಂಡು ಹೋಗೋದು ಹಿಂಸೆ. ನಾಯಿಯ ನೀರು ನಿಮ್ಮ ಚೀಲದಲ್ಲಿರಲಿ. ಇಳಿದ ಮೇಲೆ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣುಗು ಹುಡುಕಿ. ಆಮೇಲೆ ಎಂದಾದರೂ ಒಸಡು ಬಿಳಿಚಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಒಂದು ದಿನವೂ ಕಾಯಬೇಡಿ.

ಜಿಗಣೆ ಬಗ್ಗೆ ಕೇಳದೆ ನನ್ನನ್ನು ಯಾರೂ ಬಿಡಲ್ಲ. ಕಾಲಿಗೆ ಹತ್ತಿದ್ದರೆ ಉಪ್ಪು ಸಾಕು. ಮೂಗಿನೊಳಗೆ ಹೊಕ್ಕಿದ್ದರೆ ಉಪ್ಪು ಹಾಕಬೇಡಿ, ಎಳೆಯಬೇಡಿ. ಬಟ್ಟಲಲ್ಲಿ ತಣ್ಣೀರು ತುಂಬಿ ಮೂಗಿನ ಹತ್ತಿರ ಹಿಡಿದು ಸುಮ್ಮನೆ ಕೂರಿ, ನೀರಿನ ಆಸೆಗೆ ತಾನೇ ತಲೆ ಹೊರಗೆ ಹಾಕುತ್ತೆ. ಹಾಕದಿದ್ದರೆ ಪಶು ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಹಗ್ಗ ಹಾಕಿಯೇ ತನ್ನಿ, ಅಂಗಳದಲ್ಲಿ ನಮ್ಮ ಬೆಕ್ಕಿರುತ್ತೆ. ನಮಸ್ಕಾರ.